ಕಾಯಿ ಮುಟ್ಟಿಸಿದ ತಪ್ಪು

2003ರ ನವೆಂಬರಿನಲ್ಲಿ ನಾನು ಹೊನ್ನಾವರ ಸೀಮೆಯ ಒಂದು ಸರಕಾರಿ ಆಸ್ಪತ್ರೆಯಲ್ಲಿ ಹಿರಿಯ ಸ್ಟಾಫ್ ನರ್ಸ್ ಆಗಿದ್ದೆ. ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ಈ ಪ್ರಕರಣದಲ್ಲಿ ತಪ್ಪು ಮಾಡಿದವರ ಸಾಲಿನಲ್ಲಿ ಮೊದಲು ನಿಲ್ಲಬೇಕಾದವಳು ನಾನೇ ಆಗಿರುವಾಗ ಕಟ್ಟಡದ ಹೆಸರು ಹಿಡಿದು ಮಾತಾಡುವುದರಲ್ಲಿ ಅರ್ಥವಿಲ್ಲ.

ನನ್ನ ಪಾಲಿಗಿದ್ದುದು ಡ್ರೆಸಿಂಗ್ ರೂಮು. ಗಾಯ ತೊಳೆಯುವುದು, ಕೀವು ತೆಗೆಯುವುದು, ಗಾಜ್ ಬಟ್ಟೆ ಇಟ್ಟು ಪಟ್ಟಿ ಕಟ್ಟುವುದು, ಮರುದಿನ ಬರಲು ಹೇಳುವುದು. ಆಗ ನನಗೆ ಇಪ್ಪತ್ತೆರಡು ವರ್ಷದ ಸರ್ವಿಸ್. ದಿನವೂ ಕುಮಟಾದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಕೂತಲ್ಲಿ ಕೂರುವ ಪೈಕಿಯವಳಲ್ಲ, ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಅಮ್ಮ ಬೈಯುತ್ತಿದ್ದಳು. ಬಾಯಿಯೂ ಜೋರು. ವಾಸಿಯಾಗದ ಗಾಯ ಹೊತ್ತು ಬಂದವರನ್ನೆಲ್ಲ “ಮತ್ತೆ ಬಂದ್ಯಾ?” ಎಂದೇ ಬರಮಾಡಿಕೊಳ್ಳುತ್ತಿದ್ದೆ. ಹೆಚ್ಚಿನವರು ನಗುತ್ತಿದ್ದರು. ಎಲ್ಲರೂ ನಗುತ್ತಾರೆ ಎಂದು ನಾನು ತಿಳಿದಿದ್ದೆ.

ಜಟ್ಟಪ್ಪ ಬಂದದ್ದು ಒಂದು ಸೋಮವಾರ. ಹಳದೀಪುರದವನು, ಮೂವತ್ತೆರಡು ವರ್ಷ, ತೆಂಗಿನ ಮರ ಹತ್ತಿ ಕಾಯಿ ಕೊಯ್ಯುವ ಕೆಲಸ. ಎಡ ತೋಳಿನಲ್ಲಿ ನಿಂಬೆಹಣ್ಣಿನಷ್ಟು ಬಾವು. ಮರ ಹತ್ತುವಾಗ ಗರಿಯ ಸಿಗುರು ಚುಚ್ಚಿತು ಎಂದ. ನಾನು ಬಾವಿನ ಸುತ್ತ ಬೆರಳಿಟ್ಟು ನೋಡಿದೆ. ಚರ್ಮ ಹಲಗೆಯ ಹಾಗೆ ಗಟ್ಟಿಯಾಗಿತ್ತು. ಸಿಗುರು ಚುಚ್ಚಿದರೆ ಚರ್ಮ ಹಾಗಾಗುವುದಿಲ್ಲ. ಒಂದೇ ಜಾಗಕ್ಕೆ ತಿಂಗಳುಗಟ್ಟಲೆ ಸೂಜಿ ಹಾಕಿಕೊಂಡರೆ ಮಾತ್ರ ಆಗುತ್ತದೆ.

“ಎಂತ ಹಾಕ್ಕಂತೆ?” ಎಂದು ಕೇಳಿದೆ.

ಅವನು ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹೇಳಿದ. ಪೆಂಟಾಝೊಸಿನ್. ಇದು ಶಸ್ತ್ರಚಿಕಿತ್ಸೆಯಾದವರಿಗೆ, ಮೂಳೆ ಮುರಿದವರಿಗೆ ಕೊಡುವ ಬಲವಾದ ನೋವಿನ ಇಂಜೆಕ್ಷನ್. ಚೀಟಿ ಇಲ್ಲದೆ ಮಾರಬಾರದು, ಆದರೆ ಸಿಗುವ ಕಡೆ ಸಿಗುತ್ತಿತ್ತು. ನೋವು ಹೋದ ಮೇಲೂ ಮೈ ಅದನ್ನೇ ಕೇಳತೊಡಗುತ್ತದೆ. ಕೊಡದಿದ್ದರೆ ಬೆವರು, ವಾಂತಿ, ಭೇದಿ, ಎಲುಬಿನೊಳಗೆ ಸೆಳೆತ. ಇವನು ದಿನಕ್ಕೆ ನಾಲ್ಕು ಸಲ ಹಾಕಿಕೊಳ್ಳುತ್ತಿದ್ದ.

“ಯಾರು ಕಲಿಸ್ದ್ರಾ ನಿಂಗೆ ಈ ವಿದ್ಯೆ?” ಎಂದು ಗದರಿದೆ.

ಅವನು ಸಂಕೋಚದಿಂದ ನಕ್ಕ. “ಮೊದ್ಲು ಕೊಟ್ಟದ್ದು ನೀವೇ ಅಲ್ದ್ರಾ ಸಿಸ್ಟರೆ. ಮರದಿಂದ ಬಿದ್ದಾಗ. ನಿಮ್ಮ ಕೈ ಹಗುರ. ಚುಚ್ಚಿದ್ದೇ ಗೊತ್ತಾಗ್ತಿರ್ಲಿಲ್ಲ.”

ಆಗ ನೆನಪಾಯಿತು. ಎರಡು ವರ್ಷದ ಹಿಂದೆ ಸೊಂಟಕ್ಕೆ ಪೆಟ್ಟು ಬಿದ್ದು ನಮ್ಮ ವಾರ್ಡಿನಲ್ಲಿ ಹನ್ನೊಂದು ದಿನ ಮಲಗಿದ್ದವನು. ಡಾಕ್ಟರು ಬರೆದರು, ಆಗ ವಾರ್ಡ್ ಡ್ಯೂಟಿಯಲ್ಲಿದ್ದ ನಾನು ಆರು ಗಂಟೆಗೊಮ್ಮೆ ಕೊಟ್ಟೆ. ಹನ್ನೆರಡನೆಯ ದಿನ ಡಿಸ್ಚಾರ್ಜ್. ಮನೆಗೆ ಹೋದ ಮೇಲೆ ಆ ಮೈ ಏನು ಕೇಳಿತು ಎಂದು ನಾವು ಯಾರೂ ವಿಚಾರಿಸಲಿಲ್ಲ. ಅವನ ಮಾತಿನಲ್ಲಿ ದೂರು ಇರಲಿಲ್ಲ, ಹೊಗಳಿಕೆಯೇ ಇತ್ತು. ಅದನ್ನೇ ನನಗೆ ತಡೆಯಲಾಗಲಿಲ್ಲ. ಆ ದಿನ ಊಟದ ಡಬ್ಬಿ ಹಾಗೆಯೇ ವಾಪಸು ಹೋಯಿತು.

ಬಾವು ಕುಯ್ದು ಕೀವು ತೆಗೆದೆವು. ಅದು ಸುಲಭದ ಕೆಲಸ. ಚಟದ ಔಷಧಕ್ಕೆ ಎಲ್ಲಿಗೆ ಕಳಿಸುವುದು? ನಮ್ಮ ಮೆಡಿಕಲ್ ಆಫೀಸರು ಒಳ್ಳೆಯವರು, ಆದರೆ ದಿನಕ್ಕೆ ನೂರಾರು ರೋಗಿಗಳನ್ನು ಒಬ್ಬರೇ ನೋಡುತ್ತಿದ್ದರು. “ಇದಕ್ಕೆ ಮನೋವೈದ್ಯರು ಬೇಕು ಸಿಸ್ಟರ್. ನಮ್ಮಲ್ಲಿ ಔಷಧವೂ ಇಲ್ಲ, ನನಗೆ ಅಭ್ಯಾಸವೂ ಇಲ್ಲ” ಎಂದು ಮಂಗಳೂರು ಕಡೆಯ ಒಂದು ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಜಟ್ಟಪ್ಪ ಹೆಂಡತಿ ಮಾದೇವಿಯ ಜೊತೆ ರೈಲು ಹತ್ತಿ ಹೋದ. ಅದೇ ಸಂಜೆ ಇಬ್ಬರೂ ವಾಪಸು. ಮೂರು ವಾರ ಒಳರೋಗಿಯಾಗಿ ಇರಬೇಕು, ಜೊತೆಗೆ ಮನೆಯವರೊಬ್ಬರು ಅಷ್ಟೂ ದಿನ ಇರಲೇಬೇಕು, ಹಾಸಿಗೆ ಖಾಲಿಯಾದಾಗ ತಿಳಿಸುತ್ತೇವೆ ಎಂದರಂತೆ. ಮಾದೇವಿ ಮುರ್ಡೇಶ್ವರದ ಒಂದು ಲಾಡ್ಜಿನಲ್ಲಿ ಚಾದರ ಒಗೆಯುವವಳು. ಮೂರು ದಿನ ಹೋಗದಿದ್ದರೆ ಬೇರೆಯವರು ಬಂದು ನಿಲ್ಲುತ್ತಾರೆ. ಮನೆಯಲ್ಲಿ ಎರಡು ಸಣ್ಣ ಮಕ್ಕಳು, ಕಣ್ಣು ಮಂಜಾದ ಅತ್ತೆ. “ನಾ ಅಲ್ಲಿ ಕೂತ್ರೆ ಇಲ್ಲಿ ಒಲೆ ಯಾರು ಹೊತ್ತಿಸ್ತ್ರು ಸಿಸ್ಟರೆ?” ಎಂದಳು.

ಸುಮ್ಮನಿರಲು ಆಗದೆ ನಾನೇ ಓಡಾಡತೊಡಗಿದೆ. ಕುಮಟಾದಲ್ಲಿ ಆ ವಾರ ಕುಡಿತ ಬಿಡಿಸುವ ಶಿಬಿರ ನಡೆಯುತ್ತಿತ್ತು. ಡ್ಯೂಟಿ ಮುಗಿಸಿ ಹೋಗಿ ಕೇಳಿದೆ. ಅಲ್ಲಿದ್ದ ಹಿರಿಯರು ಜಟ್ಟಪ್ಪ ಕುಡಿಯುತ್ತಾನೆಯೇ ಎಂದು ಕೇಳಿದರು. ಇಲ್ಲ, ಇಂಜೆಕ್ಷನ್ ಎಂದೆ. ಅವರ ಮುಖವೇ ಬದಲಾಯಿತು. “ಇದು ಸಂಸಾರಸ್ಥರು ಬರುವ ಜಾಗ ತಾಯಿ. ಅಂಥವರನ್ನು ತಂದರೆ ಉಳಿದವರು ಎದ್ದು ಹೋಗುತ್ತಾರೆ” ಎಂದರು. ಕುಡಿದು ಹೆಂಡತಿಯ ಹಲ್ಲು ಮುರಿದವನು ಸಂಸಾರಸ್ಥ, ಸೊಂಟನೋವಿಗೆ ಸೂಜಿ ಹಾಕಿಕೊಂಡವನು ಅಲ್ಲ! ನನಗೆ ಬಂದ ಸಿಟ್ಟಿಗೆ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಗೇಟಿನವರೆಗೆ ಹೋಗಿದ್ದೆ.

ಅಷ್ಟರಲ್ಲಿ ಜಟ್ಟಪ್ಪ ದಿನ ಬಿಟ್ಟು ದಿನ ಡ್ರೆಸಿಂಗಿಗೆ ಬರುತ್ತಿದ್ದ. ಒಂದು ಗಾಯ ಒಣಗುವಾಗ ಪಕ್ಕದಲ್ಲಿ ಇನ್ನೊಂದು ಕೆಂಪಗೆ ಏಳುತ್ತಿತ್ತು. ನಾನು ತೊಳೆಯುತ್ತಿದ್ದೆ, ಅವನು ಚುಚ್ಚಿಕೊಳ್ಳುತ್ತಿದ್ದ. ಎಲ್ಲ ಬಾಗಿಲೂ ಬಡಿದು ಸೋತ ಸಿಟ್ಟನ್ನು ನಾನು ಕೊನೆಗೆ ಅವನ ಮೇಲೆಯೇ ತೀರಿಸಿಕೊಂಡೆ. ಸಂಕಟ ಬಂದಾಗ ವೆಂಕಟರಮಣ ಎನ್ನುತ್ತಾರಲ್ಲ, ನನಗೆ ನೆನಪಾದದ್ದು ಇಡಗುಂಜಿ ಗಣಪತಿ.

ನಮ್ಮ ಕಡೆ ಮಾತು ಗಟ್ಟಿಯಾಗಬೇಕಾದರೆ ಕಾಯಿ ಮುಟ್ಟಿ ಆಣೆ ಹಾಕುವ ಪದ್ಧತಿ ಇದೆ. ಗಡಿ ತಕರಾರಿರಲಿ, ಕಳವಿನ ಅನುಮಾನವಿರಲಿ, ದೇವರ ಎದುರು ತೆಂಗಿನಕಾಯಿ ಹಿಡಿದು ಹೇಳಿದ ಮೇಲೆ ಊರು ಬಾಯಿ ಮುಚ್ಚುತ್ತದೆ. ಕುಡಿತ ಬಿಡುವವರೂ ಹೀಗೆ ಆಣೆ ಹಾಕಿದ್ದನ್ನು ನಾನೇ ಕಂಡಿದ್ದೆ. “ಆಣೆ ಹಾಕು. ಇಲ್ಲಾಂದ್ರೆ ನನ್ನ ಕೋಣೆಗೆ ಬರೂದೇ ಬೇಡ” ಎಂದು ಜಟ್ಟಪ್ಪನಿಗೆ ಹೇಳಿಬಿಟ್ಟೆ. ಗಾಯ ತೊಳೆಸಿಕೊಳ್ಳುವುದಕ್ಕೆ ಷರತ್ತು ಹಾಕುವ ಅಧಿಕಾರ ಯಾವ ನರ್ಸಿಗೂ ಇಲ್ಲ. ಆಗ ಅದು ಹೊಳೆಯಲಿಲ್ಲ. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂಬ ಹುಮ್ಮಸ್ಸಿನಲ್ಲಿದ್ದೆ.

ಡಿಸೆಂಬರಿನ ಒಂದು ಭಾನುವಾರ ನನ್ನ ವಾರದ ರಜೆ. ಜಟ್ಟಪ್ಪ, ಅವನ ತಾಯಿ, ಮಾದೇವಿ ಮತ್ತು ನಾನು ಇಡಗುಂಜಿಗೆ ಹೋದೆವು. ಯಾತ್ರಿಕರ ಗದ್ದಲ. ಪೂಜೆ ಮುಗಿಸಿ ಹೊರಗೆ ಒಂದು ಮಗ್ಗುಲಲ್ಲಿ, ದೇವರಿಗೆ ಮುಖ ಮಾಡಿ ನಿಂತೆವು. ಜಟ್ಟಪ್ಪ ಎರಡೂ ಕೈಯಲ್ಲಿ ಕಾಯಿ ಹಿಡಿದ. ಆಣೆ ಎಂದರೆ ಬರೀ ಬಿಡುತ್ತೇನೆ ಎಂದರೆ ಸಾಲದು, ತಪ್ಪಿದರೆ ಏನು ಹೋಗಲಿ ಎಂಬುದನ್ನೂ ಹೇಳಬೇಕು. ತಾಯಿ ಮಕ್ಕಳ ತಲೆಯ ಮೇಲೆ ಹೇಳು ಎಂದಳು. ಮಾದೇವಿ ಬೆಚ್ಚಿ, “ಮಕ್ಕಳ ಸುದ್ದಿ ಬೇಡ” ಎಂದು ಅವನ ರಟ್ಟೆ ಹಿಡಿದಳು. ಮೂವರೂ ನನ್ನ ಮುಖ ನೋಡಿದರು. ನಾನು ಬುದ್ಧಿವಂತೆಯಲ್ಲವೇ! “ಕೈ ಅಂತ ಹೇಳು. ಸೂಜಿ ಹಾಕ್ಕಂಬುದು ಕೈಗೇ ಅಲ್ದಾ” ಎಂದೆ.

ಅವನು ಹೇಳಿದ. “ಇನ್ನು ಸೂಜಿ ಮುಟ್ಟಿದ್ರೆ ನನ್ನ ಈ ಎಡಗೈ ಹೋಗ್ಲಿ. ಸಿಸ್ಟರು ಸಾಕ್ಷಿ.”

ವಾಪಸು ಬರುವ ಬಸ್ಸಿನಲ್ಲಿ ನನಗೆ ತುಂಬ ಸಮಾಧಾನವಾಗಿತ್ತು. ಆಣೆಯನ್ನೇ ಔಷಧ ಎಂದುಕೊಂಡಿದ್ದೆ. ದಿನಕ್ಕೆ ನಾಲ್ಕು ಸಲ ಇಂಜೆಕ್ಷನ್ ಬೇಡುವ ಮೈ ಒಮ್ಮೆಲೇ ನಿಲ್ಲಿಸಿದರೆ ಏನಾಗುತ್ತದೆ ಎಂದು ಓದಿ ಪರೀಕ್ಷೆ ಬರೆದವಳು ನಾನು. ಆ ಓದು ಆ ದಿನ ಎಲ್ಲಿ ಹೋಗಿತ್ತೋ!

ಮಂಗಳವಾರ ಜಟ್ಟಪ್ಪ ಬರಲಿಲ್ಲ. ಗುರುವಾರವೂ ಇಲ್ಲ. ಡ್ರೆಸಿಂಗ್ ರಿಜಿಸ್ಟರಿನಲ್ಲಿ ಅವನ ಹೆಸರಿನ ಮುಂದೆ ಖಾಲಿ ಮನೆಗಳು ಬೆಳೆಯುತ್ತ ಹೋದವು. ಬಾಗಿಲಿನಲ್ಲಿ ನೆರಳು ಬಿದ್ದಾಗಲೆಲ್ಲ ತಲೆ ಎತ್ತಿ ನೋಡುತ್ತಿದ್ದೆ. ಎರಡು ವಾರ ಕಳೆದ ಮೇಲೆ ಹಳದೀಪುರದಲ್ಲಿ ಬಸ್ಸಿಳಿದು ಮನೆಗೇ ಹೋದೆ. ಮಾದೇವಿ ಅಂಗಳದಲ್ಲಿಯೇ ನಿಲ್ಲಿಸಿ ಮಾತಾಡಿದಳು. ಗೋವಾದ ಕಡೆ ಕೆಲಸ ಸಿಕ್ಕಿ ಹೋಗಿದ್ದಾನೆ, ಆರಾಮ ಇದ್ದಾನೆ ಎಂದಳು. ನನ್ನ ಕಣ್ಣು ತಪ್ಪಿಸಿ, ಒಣಗಿದ ಬಟ್ಟೆಯನ್ನೇ ಮತ್ತೆ ಮತ್ತೆ ಮಡಚುತ್ತಿದ್ದಳು. ಸುಳ್ಳು ಎಂದು ಗೊತ್ತಾಯಿತು. ಆದರೂ ನಂಬಲು ಮನಸ್ಸು ಮಾಡಿ ಬಸ್ಸು ಹತ್ತಿದೆ. ಆ ತಿಂಗಳು ನನಗೆ ಸರಿಯಾಗಿ ನಿದ್ದೆ ಇಲ್ಲ. ಮನೆಯವರು ಇಲಿ ಓಡಾಡಿದ ಹಾಗೆ ಓಡಾಡಬೇಡ ಎಂದು ಬೈದರು.

2004ರ ಫೆಬ್ರವರಿಯಲ್ಲಿ ಮಾದೇವಿ ತಾನಾಗಿಯೇ ಡ್ರೆಸಿಂಗ್ ರೂಮಿಗೆ ಬಂದಳು. ಒಳಗೆ ಬಂದವಳೇ ಬಾಗಿಲು ಮುಂದೆ ಮಾಡಿ, ಗೋಡೆಗೆ ಒರಗಿ ನಿಂತಳು.

“ಒಂಬತ್ತು ದಿನ ತಡ್ಕಂಡ್ರು ಸಿಸ್ಟರೆ. ನೀರೂ ನಿಲ್ತಿರ್ಲಿಲ್ಲ ಹೊಟ್ಟೇಲಿ. ಚಾಪೆ ಕಚ್ಚಿ ಮಲ್ಗ್ತಿದ್ರು. ನಿಮ್ಮ ಹತ್ರ ಬತ್ತೆ ಅಂದ್ರೆ ಬೇಡ ಅಂದ್ರು. ಹತ್ತನೇ ದಿನ ಆಣೆ ತಪ್ಪಿತು. ಈಗ ಭಟ್ಕಳದಲ್ಲಿ ಕಾಯಿ ಮಂಡೀಲಿ ಕೆಲ್ಸಕ್ಕೆ ಇದ್ರು. ಕೈ ಮೊಣಕೈ ಮಟ್ಟ ಬಾತಿದ್ದು, ವಾಸನೆ ಬತ್ತದೆ. ಯಾರ ಹತ್ರವೂ ತೋರ್ಸೂದಿಲ್ಲ.”

“ಎಂತಕ್ಕೆ?”

“ದೇವ್ರಿಗೆ ಕೊಟ್ಟ ಕೈ ಅಂತ್ರು.”

ನಾನು ಅರ್ಧ ದಿನದ ರಜೆ ಬರೆದಿಟ್ಟು, ಚೀಲಕ್ಕೆ ಗಾಜ್ ಮತ್ತು ಲೋಷನ್ ತುಂಬಿ ಅವಳ ಜೊತೆ ಹೊರಟೆ. ಭಟ್ಕಳದ ಬಸ್ಸಿನಲ್ಲಿ ಕೂರಲು ಜಾಗವಿತ್ತು, ಕೂರಲಾಗಲಿಲ್ಲ. ಮುರ್ಡೇಶ್ವರದ ತಿರುವಿನಲ್ಲಿ ಡ್ರೈವರು ಚಹಾ ಕುಡಿಯಲು ಇಳಿದಾಗ ಅವನೊಂದಿಗೆ ಜಗಳವನ್ನೂ ಆಡಿದೆ.

ಮಂಡಿ ಎಂದರೆ ಉದ್ದನೆಯ ಶೆಡ್ಡು, ತುಂಬ ತೆಂಗಿನಕಾಯಿ ರಾಶಿ. ಮಾಲಿಕರು ಒಬ್ಬ ವಯಸ್ಸಾದ ಸಾಹೇಬರು, ಭಟ್ಕಳದ ನವಾಯತ ಮುಸ್ಲಿಮರು. ನಾನು ನರ್ಸ್ ಎಂದು ಗೊತ್ತಾದೊಡನೆ ಎದ್ದು ಬಂದರು. “ನಾನು ದವಾಖಾನೆಗೆ ಕರ್ಕೊಂಡು ಹೋಗ್ತೆ ಅಂದ್ರೂ ಕೇಳೂದಿಲ್ಲ ಸಿಸ್ಟರ್. ಜಿದ್ದು ಮಾಡ್ತ. ನನ್ನ ವ್ಯಾನ್ ಉಂಟು, ಡ್ರೈವರೂ ಉಂಟು. ನೀವು ಒಪ್ಪಿಸಿ” ಎಂದರು. ಇಷ್ಟೂ ತಿಂಗಳಲ್ಲಿ ಷರತ್ತು ಹಾಕದೆ ಮಾತಾಡಿದ ಮೊದಲ ಮನುಷ್ಯ ಅವರು.

ಜಟ್ಟಪ್ಪ ಶೆಡ್ಡಿನ ಕೊನೆಯಲ್ಲಿ, ಸಿಪ್ಪೆಯ ರಾಶಿಯ ಹಿಂದೆ ಕೂತಿದ್ದ. ಬಲಗೈ ಒಂದರಲ್ಲಿಯೇ ಕಾಯಿ ವಿಂಗಡಿಸುತ್ತಿದ್ದ. ಎಡಗೈಯನ್ನು ಪಂಚೆಯ ತುಂಡಿನಲ್ಲಿ ಸುತ್ತಿದ್ದ. ನನ್ನನ್ನು ಕಂಡು ಏಳಲು ಹೋದ, ಆಗಲಿಲ್ಲ. ಜ್ವರದಿಂದ ಮುಖ ಕಪ್ಪಿಟ್ಟಿತ್ತು. ನಾನು ಬಟ್ಟೆ ಬಿಚ್ಚಿ ನೋಡಿದೆ. ಇಪ್ಪತ್ತೆರಡು ವರ್ಷದಲ್ಲಿ ಬೇಕಾದಷ್ಟು ಗಾಯ ಕಂಡವಳು, ಆದರೂ ಒಂದು ಕ್ಷಣ ಮುಖ ತಿರುಗಿಸಿದೆ. ವಿಷ ರಕ್ತಕ್ಕೆ ಏರುತ್ತಿತ್ತು. ಇನ್ನೆರಡು ದಿನ ಬಿಟ್ಟರೆ ಕೈ ಅಲ್ಲ, ಜೀವವೇ ಹೋಗುತ್ತಿತ್ತು. ಅದನ್ನೇ ಹೇಳಿದೆ, ಗದರಿದೆ, ಮಕ್ಕಳ ಹೆಸರು ಹೇಳಿದೆ.

ಅವನು ಶಾಂತವಾಗಿಯೇ ಇದ್ದ. “ನಾ ತಪ್ಪಿದೆ, ದೇವ್ರು ತಗೊಳ್ತಾ ಇದ್ದ. ನ್ಯಾಯವೇ ಅಲ್ದಾ? ನೀವು ಅಡ್ಡ ಬಂದ್ರೆ ಆಮೇಲೆ ಮಕ್ಕಳ ಮೇಲೆ ಹೋದ್ರೆ?”

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವ ಹಾಗೆ, ಆಗ ನನಗೆ ಎಲ್ಲ ಅರ್ಥವಾಯಿತು. ಅವನು ಹಟ ಮಾಡುತ್ತಿರಲಿಲ್ಲ. ನಾನು ಬಾಯಿಗೆ ಕೊಟ್ಟ ಮಾತನ್ನು ಪಾಲಿಸುತ್ತಿದ್ದ. ಕೈ ಅಂತ ಹೇಳು ಎಂದವಳು ನಾನು. ಆಸ್ಪತ್ರೆಯ ಬಾಗಿಲು ಹಾಕಿದವಳೂ ನಾನು. ಸೆಪ್ಟಿಕ್, ಗ್ಯಾಂಗ್ರೀನ್ ಎಂದು ಎಷ್ಟು ಹೇಳಿದರೂ ಆ ಬಾಗಿಲು ತೆಗೆಯುವಂತಿರಲಿಲ್ಲ. ಹಾಕಿದ ಕೀಲಿಯಿಂದಲೇ ತೆಗೆಯಬೇಕಿತ್ತು.

ಹರಕೆ ಮರೆತರೆ, ಆಣೆ ತಪ್ಪಿದರೆ ನಮ್ಮಲ್ಲಿ ತಪ್ಪು ಕಾಣಿಕೆ ಕಟ್ಟುತ್ತಾರೆ. ಬಟ್ಟೆಯ ಚೂರಿನಲ್ಲಿ ನಾಣ್ಯವಿಟ್ಟು ಗಂಟು ಹಾಕಿ, ತಪ್ಪಾಯಿತು ಎಂದು ಹೇಳಿಕೊಂಡು, ಆಮೇಲೆ ದೇವರಿಗೆ ಮುಟ್ಟಿಸುವುದು. ಚೀಲದಿಂದ ಗಾಜ್ ತೆಗೆದು ಒಂದು ಚೂರು ಕತ್ತರಿಸಿದೆ. ನಾಣ್ಯವಿಟ್ಟು ಗಂಟು ಹಾಕಿ, ಅವನಿಗೆ ಕೇಳುವ ಹಾಗೆ ಜೋರಾಗಿ ಹೇಳಿದೆ.

“ಗಣಪತೀ, ಆಣೆ ಹಾಕ್ಸಿದ್ದು ನಾನು. ಕೈ ಅಂತ ಹೇಳ್ಕೊಟ್ಟದ್ದು ನಾನು. ಇವ ಬರೀ ಬಾಯಿ. ತಪ್ಪು ನಂದು. ನಿಂಗೆ ಕೈ ಬೇಕೇ ಬೇಕು ಅಂದ್ರೆ ನಂದು ತಗೋ.”

ಜಟ್ಟಪ್ಪ ಗಾಬರಿಯಾಗಿ ಬಲಗೈ ಅಡ್ಡ ಹಿಡಿದ. “ಬ್ಯಾಡ ಸಿಸ್ಟರೆ, ಹಂಗೆ ಹೇಳ್ಬೇಡಿ! ನಿಮ್ಮ ಕೈ ಹೋದ್ರೆ ನಾಕು ಜನರ ಗಾಯ ಯಾರು ತೊಳೀತ್ರು?”

“ಹಂಗಾರೆ ಏಳು.”

ಅವನು ಎದ್ದ. ಮಾದೇವಿ ಒಂದು ಕಡೆ, ಸಾಹೇಬರು ಇನ್ನೊಂದು ಕಡೆ ಹಿಡಿದರು. ವ್ಯಾನಿನಲ್ಲಿ ಮಂಗಳೂರು ಕಡೆಯ ಅದೇ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಹತ್ತೇ ನಿಮಿಷದಲ್ಲಿ ಅಡ್ಮಿಟ್ ಮಾಡಿಕೊಂಡರು. ಚಟಕ್ಕೆ ಸಿಗದ ಹಾಸಿಗೆ ಕೊಳೆತ ಕೈಗೆ ಸಿಕ್ಕಿತು. ನನಗೆ ಅಲ್ಲಿಯೇ ಕೂತು ಅಳಬೇಕೆನಿಸಿತು, ಯಾರಿಗಾದರೂ ಹೊಡೆಯಬೇಕು ಎಂದೂ ಅನಿಸಿತು.

ಸರ್ಜನ್ನರು ಮೂರು ಸಲ ಕುಯ್ದು ಸತ್ತ ಮಾಂಸ ತೆಗೆದರು. ಕೈ ಉಳಿಯಿತು. ಎರಡು ಬೆರಳು ಮಡಚುವುದಿಲ್ಲ, ಮೊಣಕೈ ಅರ್ಧವೇ ಬಾಗುತ್ತದೆ. ಮತ್ತೆ ಮರ ಹತ್ತುವ ಮಾತಿಲ್ಲ. ಅಲ್ಲಿದ್ದ ಇಪ್ಪತ್ತಾರು ದಿನಗಳಲ್ಲಿ ಮನೋವೈದ್ಯರೇ ಸರ್ಜರಿ ವಾರ್ಡಿಗೆ ಬಂದು ಅವನನ್ನು ನೋಡಿದರು. ಮೈ ಸೆಳೆಯದಂತೆ ಔಷಧ ಕೊಟ್ಟು ಸ್ವಲ್ಪ ಸ್ವಲ್ಪವೇ ಇಳಿಸಿದರು. ಒಂಬತ್ತು ದಿನ ಚಾಪೆ ಕಚ್ಚಿ ಪಟ್ಟ ಯಾತನೆ ಪಡಬೇಕಾದದ್ದೇ ಇರಲಿಲ್ಲ ಎಂದು ನನಗೆ ಅಲ್ಲಿ ತಿಳಿಯಿತು. ಮಾದೇವಿಯ ಲಾಡ್ಜಿನ ಕೆಲಸ ಮಾತ್ರ ಹೋಯಿತು. ಸಾಹೇಬರು ಇಬ್ಬರಿಗೂ ಮಂಡಿಯಲ್ಲಿ ಕೆಲಸ ಕೊಟ್ಟರು.

ತಪ್ಪು ಕಾಣಿಕೆಯ ಗಂಟನ್ನು ಮುಂದಿನ ರಜೆಯ ದಿನವೇ ಇಡಗುಂಜಿಗೆ ಮುಟ್ಟಿಸಿದೆ. ನನ್ನ ಹೆಸರನ್ನೇ ಹೇಳಿದೆ. ಹಾಸಿಗೆ ಇಲ್ಲ ಎಂದವರ, ಅಂಥವರು ಬೇಡ ಎಂದವರ, ಹನ್ನೆರಡನೆಯ ದಿನ ಅವನನ್ನು ಮನೆಗೆ ಕಳಿಸಿ ಮರೆತ ನಮ್ಮೆಲ್ಲರ ಹೆಸರನ್ನೂ ಸೇರಿಸಬೇಕು ಎಂದು ನಾಲಿಗೆಯ ತುದಿಗೆ ಬಂದಿತ್ತು. ಹಿಂದೆ ಸಾಲು ಉದ್ದ ಇತ್ತು. ಸುಮ್ಮನೆ ಬಂದೆ.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಿತು ಎಂದರೆ ಸುಳ್ಳಾಗುತ್ತದೆ. ಅವನ ಮಾತ್ರೆ ನಮ್ಮ ಆಸ್ಪತ್ರೆಗೆ ಬರುತ್ತಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ರೈಲಿನಲ್ಲಿ ಹೋಗಿ ತರಬೇಕಿತ್ತು. ನಮ್ಮಲ್ಲಿಗೇ ತರಿಸಿಕೊಡಿ ಎಂದು ನಾನು ಮೇಲಿನವರಿಗೆ ಎರಡು ಪತ್ರ ಬರೆದೆ, ಡಾಕ್ಟರೂ ಸಹಿ ಹಾಕಿದರು. ಉತ್ತರ ಬರಲಿಲ್ಲ. 2005ರ ಜುಲೈಯಲ್ಲಿ ಎರಡು ಸಲ ಅವನಿಗೆ ಹೋಗಲಾಗದೆ ಮಾತ್ರೆ ಮುಗಿಯಿತು.

ಒಂದು ಬೆಳಿಗ್ಗೆ ನಾನು ಟ್ರೇ ಜೋಡಿಸುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಜಟ್ಟಪ್ಪ. ಒಳಗೆ ಬಂದು ಸ್ಟೂಲಿನ ಮೇಲೆ ಕೂತು, ಅಂಗಿಯ ತೋಳು ಮೇಲೆ ಸರಿಸಿ, ಅರ್ಧವೇ ಬಾಗುವ ಆ ಎಡಗೈಯನ್ನು ನನ್ನ ಮುಂದೆ ಚಾಚಿದ. ಹೊಸ ಚುಚ್ಚು, ಒಂದೇ ಒಂದು.

“ನಿನ್ನೆ ಮತ್ತೆ ತಪ್ಪಿದೆ ಸಿಸ್ಟರೆ.”

ನಾಲಿಗೆಗೆ ಬಂದ ಹಳೆಯ ಮಾತನ್ನು ನುಂಗಿಕೊಂಡೆ. “ಆತು, ಬಂದ್ಯಲ್ಲ” ಎಂದು ಸ್ಪಿರಿಟ್ ಹತ್ತಿ ತೆಗೆದುಕೊಂಡೆ. ಆ ದಿನ ಮಧ್ಯಾಹ್ನದ ರೈಲಿಗೆ ಅವನ ಜೊತೆ ನಾನೂ ಹತ್ತಿದೆ. ಆಮೇಲೂ ಅವನು ಒಂದು ಸಲ ಜಾರಿದ. ಆಗಲೂ ಮರುದಿನವೇ ಬಂದ.

2010ರಲ್ಲಿ ನಾನು ನಿವೃತ್ತಳಾದೆ. ಕೊನೆಯ ದಿನ ಡ್ರೆಸಿಂಗ್ ರೂಮಿನ ಚಾರ್ಜನ್ನು ಹೊಸ ಹುಡುಗಿಯೊಬ್ಬಳಿಗೆ ಒಪ್ಪಿಸುತ್ತಿದ್ದೆ. ಕಪಾಟಿನ ಕೀಲಿ, ಸ್ಟೆರಿಲೈಜರಿನ ಸ್ವಭಾವ, ರಿಜಿಸ್ಟರು ಎಲ್ಲ ತೋರಿಸಿ ಮುಗಿದ ಮೇಲೆ, ಬೇರೆ ಏನಾದರೂ ಹೇಳುವುದಿದೆಯೇ ಸಿಸ್ಟರ್ ಎಂದು ಅವಳು ಕೇಳಿದಳು. ಇಪ್ಪತ್ತೊಂಬತ್ತು ವರ್ಷದ ಸರ್ವಿಸಿನಲ್ಲಿ ಕಲಿತದ್ದನ್ನೆಲ್ಲ ಸೋಸಿದರೆ ಉಳಿಯುವುದು ಇಷ್ಟೇ ಎಂದು ಹೇಳಿದೆ. ಯಾವ ರೋಗಿಯಿಂದಲೂ ಮಾತು ತೆಗೆದುಕೊಳ್ಳಬೇಡ, ನಾಳೆ ಬಾ ಎಂದು ಮಾತ್ರ ಹೇಳು. ಮತ್ತೆ ಬಂದವರನ್ನು, ಮತ್ತೆ ಬಂದ್ಯಾ ಎಂದು ಕೇಳಬೇಡ.